ವೇಗವಾಗಿ ಹರಡುವ ರೋಗ ಬಂದಾಗ ದೇಶಗಳು ಏನು ಮಾಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ರೋಗ ಹರಡುವಾಗ ಸರ್ಕಾರಗಳು ತೆಗೆದುಕೊಳ್ಳುವ ಕ್ರಮಗಳ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಕ್ರಮವನ್ನು ನೋಡಿದರೂ ನನಗೆ ಮೊದಲು ಮೂಡುವ ಪ್ರಶ್ನೆ ಒಂದೇ: ಇದರಿಂದ ಜನ ತಮ್ಮ ಕಾಯಿಲೆಯನ್ನು ಧೈರ್ಯವಾಗಿ ಹೇಳಿಕೊಳ್ಳುತ್ತಾರಾ, ಇಲ್ಲ ಮುಚ್ಚಿಡುತ್ತಾರಾ? ಕೆಳಗಿನ ಉತ್ತರಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಹೊಸ ರೋಗ ಬಂದಿದೆ ಅಂತ ಮೊದಲು ಗೊತ್ತಾಗುವುದು ಹೇಗೆ?

ಹೆಚ್ಚಿನ ಸಲ ಒಬ್ಬ ವೈದ್ಯರಿಗೋ ನರ್ಸ್‌ಗೋ ಅನುಮಾನ ಬರುತ್ತದೆ. "ಈ ಜ್ವರ ಯಾಕೋ ಮಾಮೂಲಿ ಥರ ಇಲ್ಲ" ಅನ್ನಿಸುತ್ತದೆ. ಅಲ್ಲಿಂದಲೇ ಎಲ್ಲ ಶುರು.

2003ರಲ್ಲಿ ವಿಯೆಟ್ನಾಂನ ಹನೋಯ್‌ನಲ್ಲಿ ಆಗಿದ್ದು ಹೀಗೇ. ಒಬ್ಬ ರೋಗಿಗೆ ವಿಚಿತ್ರವಾದ ನ್ಯುಮೋನಿಯಾ ಬಂದಿದೆ ಎಂದು ಆಸ್ಪತ್ರೆಯವರು ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯ ಕಾರ್ಲೊ ಉರ್ಬಾನಿಯವರನ್ನು ಕರೆಸಿದರು. ಇದು ಹೊಸ ರೋಗ, ತುಂಬಾ ಅಪಾಯಕಾರಿ ಎಂದು ಅವರು ಬೇಗನೆ ಗುರುತಿಸಿದರು. ಜಗತ್ತನ್ನು ಎಚ್ಚರಿಸಿದರು. ಅದೇ ಸಾರ್ಸ್. ಅದೇ ರೋಗ ತಗುಲಿ ಉರ್ಬಾನಿ ಮಾರ್ಚ್ 29ರಂದು ತೀರಿಕೊಂಡರು. ವಿಯೆಟ್ನಾಂ ಮಾತ್ರ ಏಪ್ರಿಲ್ ಕೊನೆಯಲ್ಲೇ ಸಾರ್ಸ್ ಹತೋಟಿಗೆ ತಂದ ಮೊದಲ ದೇಶವಾಯಿತು.

ಈಗ ಬೇರೆ ದಾರಿಗಳೂ ಇವೆ. ಚರಂಡಿ ನೀರಿನ ಪರೀಕ್ಷೆ ಅದರಲ್ಲಿ ಒಂದು. 2022ರಲ್ಲಿ ಲಂಡನ್‌ನ ಕೊಳಚೆ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕಿತು. ಆಗ ಅಲ್ಲಿ ಒಂದು ಮಗುವಿಗೂ ಪಾರ್ಶ್ವವಾಯು ಆಗಿರಲಿಲ್ಲ. ಮಕ್ಕಳಿಗೆ ಹೆಚ್ಚುವರಿ ಲಸಿಕೆ ಹಾಕಲು ಸಮಯ ಸಿಕ್ಕಿತು. ಆದರೂ ಯಂತ್ರಗಳಿಗಿಂತ ಮೊದಲು ನಮ್ಮನ್ನು ಕಾಯುವುದು ಅನುಮಾನ ಬಂದ ಕೂಡಲೇ ಬಾಯಿಬಿಟ್ಟು ಹೇಳುವ ಮನುಷ್ಯರೇ.

ತನ್ನಲ್ಲಿ ರೋಗ ಬಂದಿದೆ ಅಂತ ಒಂದು ದೇಶ ಬೇರೆಯವರಿಗೆ ಹೇಳಲೇಬೇಕಾ?

ಹೌದು, ಹೇಳಲೇಬೇಕು. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಎಂಬ ಒಪ್ಪಂದ ಇದೆ. 2005ರಲ್ಲಿ ಅದನ್ನು ಹೊಸದಾಗಿ ಬರೆದರು, 2007ರಲ್ಲಿ ಜಾರಿಗೆ ಬಂತು. 196 ದೇಶಗಳು ಅದಕ್ಕೆ ಬದ್ಧವಾಗಿವೆ. ಗಡಿ ದಾಟಿ ಅಪಾಯ ತರಬಹುದಾದ ರೋಗ ಇದು ಎಂದು ದೇಶಕ್ಕೆ ಮನವರಿಕೆಯಾದ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು.

ಈ ನಿಯಮ ಹೀಗೆ ಬಿಗಿಯಾಗಲು ಸಾರ್ಸ್ ಕಾರಣ. ಅದು 2002ರ ನವೆಂಬರ್‌ನಲ್ಲೇ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಶುರುವಾಗಿತ್ತು. ಹೊರಗಿನವರಿಗೆ ಅಧಿಕೃತವಾಗಿ ಗೊತ್ತಾದದ್ದು ಮುಂದಿನ ಫೆಬ್ರವರಿಯಲ್ಲಿ. ಕೊನೆಗೆ ಎಂಟು ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ಬಂತು. 774 ಜನ ಸತ್ತರು.

ಆದರೆ ನಿಯಮ ಇದೆ ಅಂದ ಮಾತ್ರಕ್ಕೆ ಸತ್ಯ ಹೇಳುವುದು ಸುಲಭವಾಗುವುದಿಲ್ಲ. 2021ರ ನವೆಂಬರ್ ನೆನಪಿದೆಯಾ? ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಕೋವಿಡ್‌ನ ಹೊಸ ರೂಪಾಂತರಿಯನ್ನು ಹಿಡಿದು, ತಡಮಾಡದೆ ಜಗತ್ತಿಗೆ ತಿಳಿಸಿದರು. ನವೆಂಬರ್ 26ರಂದು ಅದಕ್ಕೆ ಓಮಿಕ್ರಾನ್ ಎಂದು ಹೆಸರಿಟ್ಟರು. ಆ ಒಂದೆರಡು ದಿನದಲ್ಲೇ ಹಲವು ದೇಶಗಳು ದಕ್ಷಿಣ ಆಫ್ರಿಕಾದಿಂದ ಬರುವ ವಿಮಾನಗಳನ್ನು ನಿಲ್ಲಿಸಿದವು. ಅಷ್ಟರಲ್ಲಿ ವೈರಸ್ ಬೇರೆ ಕಡೆಯೂ ಕಾಲಿಟ್ಟಾಗಿತ್ತು. ಒಳ್ಳೆಯ ಕೆಲಸ ಮಾಡಿದವರಿಗೇ ಪೆಟ್ಟು ಬಿತ್ತು. ಇದು ದೊಡ್ಡ ಅನ್ಯಾಯ ಎಂದೇ ನಾನು ಹೇಳುತ್ತೇನೆ. ಮುಂದಿನ ಸಲ ಇನ್ನೊಂದು ದೇಶ ಇದನ್ನು ನೆನೆದು ಒಂದು ವಾರ ಸುಮ್ನೆ ಕೂತರೆ, ಆ ವಾರದ ಬೆಲೆ ಎಲ್ಲರೂ ತೆರಬೇಕಾಗುತ್ತದೆ.

ಜಾಗತಿಕ ಆರೋಗ್ಯ ತುರ್ತುಸ್ಥಿತಿ ಅಂದರೇನು? ಅದೂ ಪ್ಯಾಂಡೆಮಿಕ್ ಅನ್ನುವುದೂ ಒಂದೇನಾ?

ಎರಡೂ ಒಂದೇ ಅಲ್ಲ. ತುರ್ತುಸ್ಥಿತಿ ಅನ್ನುವುದು ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಅಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾರಿಸುವ ಎಚ್ಚರಿಕೆ ಗಂಟೆ. ಕೋವಿಡ್ ವಿಷಯದಲ್ಲಿ ಅದನ್ನು 2020ರ ಜನವರಿ 30ರಂದು ಬಾರಿಸಿದರು. ಪ್ಯಾಂಡೆಮಿಕ್, ಅಂದರೆ ಜಗತ್ತಿನಾದ್ಯಂತ ಹರಡಿದ ರೋಗ, ಎಂಬ ಪದವನ್ನು ಬಳಸಿದ್ದು ಮಾರ್ಚ್ 11ರಂದು. ಬಹಳಷ್ಟು ದೇಶಗಳು ಎಚ್ಚೆತ್ತಿದ್ದು ಈ ಎರಡನೇ ದಿನದ ನಂತರವೇ. ನಡುವಿನ ಆರು ವಾರ ಕೈತಪ್ಪಿ ಹೋಯಿತು. ಬಳಿಕ ನಿಯಮಗಳನ್ನು ತಿದ್ದಿ "ಪ್ಯಾಂಡೆಮಿಕ್ ತುರ್ತುಸ್ಥಿತಿ" ಎಂಬ ಇನ್ನೂ ಮೇಲಿನ ಹಂತವನ್ನು ಸೇರಿಸಿದ್ದಾರೆ.

ಕೆಲವೇ ಜನರಿಗೆ ಬಂದಾಗ ಇಷ್ಟೊಂದು ಅವಸರ ಯಾಕೆ?

ಒಂದು ಲೆಕ್ಕ ಹಾಕಿ ನೋಡಿ. ಇವತ್ತು 100 ಜನರಿಗೆ ಸೋಂಕಿದೆ. ಮೂರು ದಿನಕ್ಕೊಮ್ಮೆ ಅದು ದುಪ್ಪಟ್ಟಾಗುತ್ತದೆ ಅಂದುಕೊಳ್ಳಿ. ಮೂವತ್ತು ದಿನದಲ್ಲಿ ಹತ್ತು ಸಲ ದುಪ್ಪಟ್ಟಾಗುತ್ತದೆ. ಅಂದರೆ ಒಂದು ಲಕ್ಷ ದಾಟುತ್ತದೆ. ಒಂದು ವಾರ ಮೊದಲೇ ಬ್ರೇಕ್ ಹಾಕಿದರೆ ಆ ಲಕ್ಷದ ಜಾಗದಲ್ಲಿ ಸುಮಾರು ಇಪ್ಪತ್ತು ಸಾವಿರ ಇರುತ್ತದೆ. ಒಂದು ವಾರಕ್ಕೆ ಇಷ್ಟು ವ್ಯತ್ಯಾಸ.

ಇನ್ನೊಂದು ತೊಡಕಿದೆ. ಇವತ್ತು ಆಸ್ಪತ್ರೆಗೆ ಬಂದವರಿಗೆ ಸೋಂಕು ತಗುಲಿದ್ದು ಹಲವು ದಿನಗಳ ಹಿಂದೆ. ನಾವು ನೋಡುತ್ತಿರುವ ಸಂಖ್ಯೆ ಯಾವಾಗಲೂ ಹಳೆಯದು.

1918ರ ಇನ್‌ಫ್ಲುಯೆನ್ಜಾ ಸಮಯದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ರೋಗ ಕಾಣಿಸಿಕೊಂಡಿತ್ತು. ಆದರೂ ಸೆಪ್ಟೆಂಬರ್ 28ರಂದು ಯುದ್ಧ ಸಾಲಪತ್ರಗಳ ಪ್ರಚಾರಕ್ಕೆ ದೊಡ್ಡ ಮೆರವಣಿಗೆ ನಡೆಸಿದರು. ಸುಮಾರು ಎರಡು ಲಕ್ಷ ಜನ ಸೇರಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿಹೋದವು. ಅದೇ ದೇಶದ ಸೇಂಟ್ ಲೂಯಿಸ್ ನಗರ ಮೊದಲ ರೋಗಿಗಳು ಕಂಡ ಕೂಡಲೇ ಶಾಲೆ, ಚಿತ್ರಮಂದಿರ, ಚರ್ಚುಗಳನ್ನು ಮುಚ್ಚಿಸಿತು. ಅಲ್ಲಿ ಸಾವು ಅಷ್ಟು ಎತ್ತರಕ್ಕೆ ಹೋಗಲೇ ಇಲ್ಲ. ನವೆಂಬರ್‌ನಲ್ಲಿ ನಿರ್ಬಂಧ ಸಡಿಲಿಸಿದಾಗ ಮತ್ತೆ ಏರಿತು ಎನ್ನುವುದನ್ನೂ ಹೇಳಬೇಕು. ಬೇಗ ಶುರು ಮಾಡುವುದು ಎಷ್ಟು ಮುಖ್ಯವೋ, ಬೇಗ ಕೈಬಿಡದಿರುವುದೂ ಅಷ್ಟೇ ಮುಖ್ಯ.

ಸಂಪರ್ಕ ಪತ್ತೆ ಅಂತಾರಲ್ಲ, ಅದು ನಿಜವಾಗಿಯೂ ಕೆಲಸ ಮಾಡುತ್ತಾ?

ಮಾಡುತ್ತದೆ. ರೋಗಿಯ ಹತ್ತಿರ ಬಂದವರನ್ನೆಲ್ಲ ಹುಡುಕಿ ನಿಗಾ ಇಡುವುದೇ ಸಂಪರ್ಕ ಪತ್ತೆ. ಇದಕ್ಕೆ ನೈಜೀರಿಯಾದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

2014ರ ಜುಲೈ 20. ಲೈಬೀರಿಯಾದಿಂದ ಬಂದ ಪ್ರಯಾಣಿಕನೊಬ್ಬ ಲಾಗೋಸ್ ವಿಮಾನ ನಿಲ್ದಾಣದಲ್ಲಿ ಕುಸಿದು ಬಿದ್ದ. ಲೈಬೀರಿಯಾದಲ್ಲಿ ಆಗ ಎಬೋಲಾ ಹರಡಿತ್ತು. ಎಬೋಲಾ ರೋಗಿಗಳ ಹತ್ತಿರ ಹೋಗಿಲ್ಲ ಎಂದು ಅವನು ಹೇಳಿದ. ಮಲೇರಿಯಾ ಇರಬಹುದು ಎಂದುಕೊಂಡು ಚಿಕಿತ್ಸೆ ಶುರು ಮಾಡಿದರು. ಡಾ. ಅಮೆಯೊ ಅಡಾಡೆವೊ ಎಂಬ ಹಿರಿಯ ವೈದ್ಯೆಗೆ ಇದು ಎಬೋಲಾ ಎಂಬ ಅನುಮಾನ ಬಂತು. ರೋಗಿಯನ್ನು ಬಿಟ್ಟುಬಿಡಿ, ಅವನು ಒಂದು ಸಮ್ಮೇಳನಕ್ಕೆ ಹೋಗಬೇಕು ಎಂಬ ಒತ್ತಡ ಬಂತು. ಅವರು ಬಗ್ಗಲಿಲ್ಲ. ಆ ರೋಗಿ ಹೊರಗೆ ಹೋಗಿದ್ದರೆ ಕೋಟಿಗಟ್ಟಲೆ ಜನರಿರುವ ನಗರದಲ್ಲಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಎದೆ ನಡುಗುತ್ತದೆ. ಅಡಾಡೆವೊ ಅವರಿಗೂ ಸೋಂಕು ತಗುಲಿತು. ಆಗಸ್ಟ್ 19ರಂದು ಅವರು ತೀರಿಕೊಂಡರು.

ಮುಂದೆ ದೇಶ ಮಾಡಿದ್ದು ಕಾಲ್ನಡಿಗೆಯ ಕೆಲಸ. ಪೋಲಿಯೊ ನಿರ್ಮೂಲನೆಗೆ ಅಂತ ಕಟ್ಟಿದ್ದ ತಂಡವನ್ನೇ ಎಬೋಲಾ ಕೆಲಸಕ್ಕೆ ತಿರುಗಿಸಿದರು. ರೋಗಿಗಳ ಸಂಪರ್ಕಕ್ಕೆ ಬಂದ ಸುಮಾರು 900 ಜನರ ಪಟ್ಟಿ ಮಾಡಿದರು. ಸೋಂಕು ತಗುಲಿದ ಮೇಲೆ ಎಬೋಲಾ ಲಕ್ಷಣ ಕಾಣಲು 21 ದಿನದವರೆಗೆ ಹಿಡಿಯಬಹುದು. ಹಾಗಾಗಿ ದಿನಾ ಮನೆಗೆ ಹೋಗಿ ಜ್ವರ ನೋಡಿದರು. 18 ಸಾವಿರಕ್ಕೂ ಹೆಚ್ಚು ಭೇಟಿಗಳಾದವು. ಕೊನೆಗೆ ರೋಗ ಬಂದದ್ದು 20 ಜನರಿಗೆ, ಸತ್ತವರು 8. ಅಕ್ಟೋಬರ್ 20ಕ್ಕೆ ನೈಜೀರಿಯಾ ಎಬೋಲಾ ಮುಕ್ತವಾಯಿತು. ಅದೇ ರೋಗ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ 11 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಆದರೆ ಎಲ್ಲ ರೋಗಕ್ಕೂ ಇದು ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಎಬೋಲಾ ಲಕ್ಷಣ ಕಂಡ ಮೇಲೆಯೇ ಹರಡುತ್ತದೆ. ಕೋವಿಡ್ ಲಕ್ಷಣ ಕಾಣುವ ಮೊದಲೇ ಹರಡುತ್ತಿತ್ತು. ಪಟ್ಟಿ ಮಾಡುವಷ್ಟರಲ್ಲಿ ಅದು ಇನ್ನೆಲ್ಲೋ ಇರುತ್ತಿತ್ತು.

ಕ್ವಾರಂಟೈನ್ ಮತ್ತು ಐಸೊಲೇಶನ್, ವ್ಯತ್ಯಾಸ ಏನು?

ರೋಗ ಇರುವವರನ್ನು ಬೇರೆ ಇಡುವುದು ಐಸೊಲೇಶನ್. ರೋಗ ತಗುಲಿರಬಹುದು, ಇನ್ನೂ ಗೊತ್ತಿಲ್ಲ ಅನ್ನುವವರನ್ನು ಬೇರೆ ಇರಿಸಿ ಕಾಯುವುದು ಕ್ವಾರಂಟೈನ್. ಈ ಪದ್ಧತಿ ಹಳೆಯದು. ಈಗ ಡುಬ್ರೋವ್ನಿಕ್ ಎನ್ನುವ ರಗೂಸಾ ನಗರ 1377ರಲ್ಲೇ ಪ್ಲೇಗ್ ಇರುವ ಊರಿಂದ ಬಂದವರನ್ನು 30 ದಿನ ಹೊರಗೆ ನಿಲ್ಲಿಸುತ್ತಿತ್ತು. ಆಮೇಲೆ ಅದು ನಲವತ್ತು ದಿನವಾಯಿತು. ವೆನಿಸ್‌ನವರ ಮಾತಿನಲ್ಲಿ ನಲವತ್ತು ಎನ್ನುವುದರಿಂದಲೇ ಈ ಪದ ಬಂದದ್ದು.

ಈಗ ದಿನಗಳ ಲೆಕ್ಕ ರೋಗದ ಮೇಲೆ ನಿಂತಿದೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಹೆಚ್ಚೆಂದರೆ ಎಷ್ಟು ದಿನ ಬೇಕೋ ಅಷ್ಟು ದಿನ.

ದಿನಗೂಲಿಯಲ್ಲಿ ಬದುಕುವವರಿಗೆ "ಹದಿನಾಲ್ಕು ದಿನ ಮನೆಯಲ್ಲಿರಿ" ಅಂದರೆ ಏನರ್ಥ? ಹದಿನಾಲ್ಕು ದಿನ ಒಲೆ ಹಚ್ಚಬೇಡಿ ಅಂದಂತೆ. ಅಂಥವರು ಜ್ವರ ಬಂದರೂ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಅದು ಅವರ ತಪ್ಪಲ್ಲ. ತೈವಾನ್, ಸಿಂಗಾಪುರ, ದಕ್ಷಿಣ ಕೊರಿಯಾ ಕೋವಿಡ್ ಸಮಯದಲ್ಲಿ ಕ್ವಾರಂಟೈನ್‌ನಲ್ಲಿ ಇದ್ದವರಿಗೆ ಹಣ ಕೊಟ್ಟವು. ಇದನ್ನು ದಾನ ಎಂದು ನೋಡಬಾರದು. ಮಾಸ್ಕ್, ಲಸಿಕೆಯ ಹಾಗೆ ಇದೂ ರೋಗ ತಡೆಯುವ ಸಾಧನ.

ಗಡಿ ಮುಚ್ಚಿದರೆ ರೋಗ ಒಳಗೆ ಬರುವುದಿಲ್ಲ ಅಲ್ವಾ?

ಹೆಚ್ಚಿನ ದೇಶಗಳಲ್ಲಿ ಬರುತ್ತದೆ, ಸ್ವಲ್ಪ ತಡವಾಗಿ. ಆ ತಡವನ್ನು ಏನಕ್ಕೆ ಬಳಸಿಕೊಂಡಿರಿ ಅನ್ನುವುದೇ ಮುಖ್ಯ. ಹಾಸಿಗೆ, ಪರೀಕ್ಷೆ, ಆಮ್ಲಜನಕ ಸಿದ್ಧ ಮಾಡಿಕೊಂಡರೆ ಗಡಿ ಮುಚ್ಚಿದ್ದಕ್ಕೆ ಅರ್ಥ ಬರುತ್ತದೆ.

ನ್ಯೂಜಿಲೆಂಡ್ ಅಪರೂಪದ ಉದಾಹರಣೆ. 2020ರ ಮಾರ್ಚ್ 19ರಂದು ಹೊರಗಿನವರಿಗೆ ಗಡಿ ಮುಚ್ಚಿತು. ಒಂದೇ ವಾರದಲ್ಲಿ ಇಡೀ ದೇಶವನ್ನು ಲಾಕ್‌ಡೌನ್ ಮಾಡಿತು. ಜೂನ್ 8ಕ್ಕೆ ಅಲ್ಲಿ ಒಬ್ಬ ಸಕ್ರಿಯ ರೋಗಿಯೂ ಇರಲಿಲ್ಲ. ಸುತ್ತ ಸಮುದ್ರ ಇರುವುದು, ಜನಸಂಖ್ಯೆ ಕಡಿಮೆ ಇರುವುದು ಅದಕ್ಕೆ ಅನುಕೂಲವಾಯಿತು. ಆದರೆ ಹೊರದೇಶದಲ್ಲಿದ್ದ ಅದರದೇ ಪ್ರಜೆಗಳು ಮನೆಗೆ ಮರಳಲು ತಿಂಗಳುಗಟ್ಟಲೆ ಕಾದರು. ಆ ನೋವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲಾಕ್‌ಡೌನ್ ಬೇಕಿತ್ತಾ?

ಎಲ್ಲಕ್ಕಿಂತ ಜಾಸ್ತಿ ಜಗಳ ಇರುವ ಪ್ರಶ್ನೆ ಇದು. ನನ್ನ ಉತ್ತರ: ಬೇರೆ ದಾರಿಗಳು ಕೈತಪ್ಪಿದಾಗ ಹಿಡಿಯುವ ಕೊನೆಯ ದಾರಿ ಅದು. ಯಾರಿಗೆ ರೋಗ ಇದೆ ಅಂತ ಗೊತ್ತಿದ್ದರೆ ಅವರನ್ನಷ್ಟೇ ಬೇರೆ ಇಟ್ಟರೆ ಸಾಕು. ಗೊತ್ತಿಲ್ಲದಿದ್ದಾಗ ಎಲ್ಲರನ್ನೂ ಬೇರೆ ಇಡಬೇಕಾಗುತ್ತದೆ. ಅದರಿಂದ ಸೋಂಕಿನ ವೇಗ ಕಡಿಮೆಯಾಗುತ್ತದೆ, ಆಸ್ಪತ್ರೆಗಳಿಗೆ ಉಸಿರಾಡಲು ಸಮಯ ಸಿಗುತ್ತದೆ. ಆದರೆ ಎಷ್ಟು ದಿನ ಮುಂದುವರಿಯುತ್ತದೋ ಅಷ್ಟು ಬೇರೆ ಗಾಯಗಳು ಆಗುತ್ತವೆ.

ಹೇಗೆ ಮಾಡುತ್ತಾರೆ ಅನ್ನುವುದರಲ್ಲೇ ಅರ್ಧ ಫಲಿತಾಂಶ ಇದೆ. 2020ರ ಮಾರ್ಚ್ ಮೊದಲ ವಾರದ ಕೊನೆಗೆ ಇಟಲಿಯಲ್ಲಿ ಲೊಂಬಾರ್ಡಿ ಪ್ರದೇಶವನ್ನು ಮುಚ್ಚುವ ಆದೇಶದ ಕರಡು ಮೊದಲೇ ಸೋರಿಹೋಯಿತು. ರಾತ್ರೋರಾತ್ರಿ ಜನ ದಕ್ಷಿಣಕ್ಕೆ ಹೋಗುವ ರೈಲು ಹತ್ತಿದರು. ಅದೇ ತಿಂಗಳು ಭಾರತದಲ್ಲಿ ಇದಕ್ಕೆ ತದ್ವಿರುದ್ಧ ಆಯಿತು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಮಧ್ಯರಾತ್ರಿಯಿಂದ ಜಾರಿ. ನಾಲ್ಕೇ ಗಂಟೆ. ಕೂಲಿ ನಿಂತು, ಬಸ್ಸು ರೈಲು ನಿಂತು, ವಲಸೆ ಕಾರ್ಮಿಕರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಕಿಲೋಮೀಟರ್ ನಡೆದರು. ಎರಡೂ ಕಡೆ ಮರೆತದ್ದು ಒಂದನ್ನೇ: ಆದೇಶ ಕೇಳಿದ ಮನುಷ್ಯ ಮುಂದಿನ ಹತ್ತು ನಿಮಿಷದಲ್ಲಿ ಏನು ಮಾಡುತ್ತಾನೆ?

ಸ್ವೀಡನ್ ಬೇರೆ ದಾರಿ ಹಿಡಿಯಿತು. ಚಿಕ್ಕ ಮಕ್ಕಳ ಶಾಲೆ ತೆರೆದಿತ್ತು. ಹೆಚ್ಚಿನದನ್ನು ಸಲಹೆಯ ರೂಪದಲ್ಲೇ ಹೇಳಿತು. ಆದರೆ ವೃದ್ಧರನ್ನು ಕಾಪಾಡುವುದರಲ್ಲಿ ದೇಶ ಸೋತಿತು ಎಂದು ಅಲ್ಲಿನ ಸರ್ಕಾರವೇ ನೇಮಿಸಿದ ಆಯೋಗ ಹೇಳಿತು. 2022ರ ಅಂತಿಮ ವರದಿಯಲ್ಲಿ ಅದೇ ಆಯೋಗ, ಸಲಹೆಯ ದಾರಿ ಬಹುಮಟ್ಟಿಗೆ ಸರಿ, ಆದರೆ ಆರಂಭದಲ್ಲಿ ಇನ್ನಷ್ಟು ಬೇಗ, ಇನ್ನಷ್ಟು ಬಿಗಿಯಾದ ಕ್ರಮ ಬೇಕಿತ್ತು ಎಂದಿತು. ತನ್ನ ತಪ್ಪನ್ನು ಹೀಗೆ ಬಹಿರಂಗವಾಗಿ ತೂಗಿ ನೋಡಿದ್ದಕ್ಕೆ ಸ್ವೀಡನ್ ಬಗ್ಗೆ ನನಗೆ ಗೌರವ ಇದೆ.

ಶಾಲೆಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಒಂದು ಹಂತದಲ್ಲಿ ಜಗತ್ತಿನಾದ್ಯಂತ ಸುಮಾರು 160 ಕೋಟಿ ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು. ಮೊದಲ ವಾರಗಳಲ್ಲಿ ಮುಚ್ಚಿದ್ದು ಅರ್ಥವಾಗುತ್ತದೆ. ಅಂಗಡಿ, ಹೋಟೆಲು ತೆರೆದ ಮೇಲೂ ಶಾಲೆಗಳನ್ನು ತಿಂಗಳುಗಟ್ಟಲೆ ಮುಚ್ಚಿಟ್ಟದ್ದು ಮಕ್ಕಳಿಗೆ ಮಾಡಿದ ಅನ್ಯಾಯ ಎಂದೇ ನನ್ನ ಭಾವನೆ.

ಜನ ಮಾತು ಕೇಳದಿದ್ದರೆ ಪೊಲೀಸರನ್ನು ಬಳಸಬಾರದಾ?

2014ರ ಆಗಸ್ಟ್‌ನಲ್ಲಿ ಲೈಬೀರಿಯಾ ಇದನ್ನು ಮಾಡಿ ನೋಡಿತು. ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿಯನ್ನು ಪೊಲೀಸರು, ಸೈನಿಕರು ಸುತ್ತುವರಿದು ಮುಚ್ಚಿದರು. ಗಲಾಟೆಯಾಯಿತು. ಗುಂಡು ಹಾರಿತು. ಒಬ್ಬ ಹುಡುಗ ಸತ್ತ. ಸುಮಾರು ಹತ್ತು ದಿನಕ್ಕೆ ಸರ್ಕಾರ ದಿಗ್ಬಂಧನ ತೆಗೆಯಬೇಕಾಯಿತು. ಆಮೇಲೆ ನಿಜವಾಗಿ ಕೆಲಸ ಮಾಡಿದವರು ಬೀದಿಬೀದಿಯ ಮುಖಂಡರು, ಮನೆಮನೆಗೆ ಹೋಗಿ ಯಾರಿಗೆ ಜ್ವರ ಇದೆ ಎಂದು ವಿಚಾರಿಸಿದ ಅಲ್ಲಿನದೇ ಹುಡುಗರು.

ಶವಸಂಸ್ಕಾರದಲ್ಲೂ ಇದೇ ಪಾಠ ಸಿಕ್ಕಿತು. ಎಬೋಲಾದಿಂದ ಸತ್ತವರ ಮೈಯಿಂದ ಸೋಂಕು ಹರಡುತ್ತದೆ. ಹಾಗಾಗಿ ಮೊದಮೊದಲು ತಂಡಗಳು ಬಂದು ಶವವನ್ನು ಚೀಲದಲ್ಲಿ ಹಾಕಿ ಒಯ್ಯುತ್ತಿದ್ದವು. ಮನೆಯವರಿಗೆ ಮುಖ ನೋಡಲೂ ಸಿಗುತ್ತಿರಲಿಲ್ಲ. ಜನ ಹೆದರಿ ಸಾವನ್ನೇ ಮುಚ್ಚಿಟ್ಟು ರಾತ್ರಿ ಗುಟ್ಟಾಗಿ ಹೂಳತೊಡಗಿದರು. ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಧಾರ್ಮಿಕ ಸಂಘಟನೆಗಳ ಜೊತೆ ಕೂತು ನಿಯಮ ಬದಲಿಸಿತು. ಮನೆಯವರು ದೂರ ನಿಂತು ನೋಡಬಹುದು, ಪ್ರಾರ್ಥನೆ ಮಾಡಬಹುದು, ಬಿಳಿ ಬಟ್ಟೆ ಹೊದಿಸಬೇಕೆಂದು ಕೇಳಬಹುದು. ವೈರಸ್ಸಿಗೆ ಇದರಿಂದ ಯಾವ ದಾರಿಯೂ ತೆರೆಯಲಿಲ್ಲ. ಜನರ ಬಾಗಿಲು ತೆರೆಯಿತು.

ಕೆಲವು ದೇಶಗಳು ಚೆನ್ನಾಗಿ ನಿಭಾಯಿಸುತ್ತವೆ, ಕೆಲವು ಎಡವುತ್ತವೆ. ಹಣ ಇದ್ದರೆ ಸಾಕಾ?

ಸಾಲದು. ಶ್ರೀಮಂತ ದೇಶಗಳು ಕೋವಿಡ್‌ನಲ್ಲಿ ತತ್ತರಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ಹಿಂದಿನ ಪೆಟ್ಟಿನಿಂದ ಕಲಿತವರು ಮುಂದೆ ನಿಂತರು.

2015ರಲ್ಲಿ ದಕ್ಷಿಣ ಕೊರಿಯಾಕ್ಕೆ ಮರ್ಸ್ ಎಂಬ ರೋಗ ಬಂತು. 186 ಜನರಿಗೆ ತಗುಲಿತು, 38 ಜನ ಸತ್ತರು. ರೋಗ ಯಾವ ಆಸ್ಪತ್ರೆಗಳಲ್ಲಿ ಹರಡುತ್ತಿದೆ ಎಂದು ಸರ್ಕಾರ ಮೊದಲು ಹೇಳಲಿಲ್ಲ. ಜನ ಗೊತ್ತಿಲ್ಲದೆ ಅಲ್ಲಿಗೇ ಹೋದರು. ಅದಾದ ಮೇಲೆ ಕಾನೂನು ಬದಲಿಸಿದರು. ತುರ್ತಿನಲ್ಲಿ ಪರೀಕ್ಷಾ ಕಿಟ್‌ಗಳಿಗೆ ಬೇಗ ಅನುಮತಿ ಕೊಡುವ ವ್ಯವಸ್ಥೆ ಮಾಡಿಕೊಂಡರು. 2020ರ ಫೆಬ್ರವರಿ 4ಕ್ಕೇ ಅಲ್ಲಿ ಮೊದಲ ಕೋವಿಡ್ ಕಿಟ್‌ಗೆ ಅನುಮತಿ ಸಿಕ್ಕಿತ್ತು. ಕಾರಿನಲ್ಲಿ ಕೂತೇ ಪರೀಕ್ಷೆ ಮಾಡಿಸಿಕೊಳ್ಳುವ ಕೇಂದ್ರಗಳು ಬಂದವು.

ಅಲ್ಲೂ ತಪ್ಪಾಯಿತು. ಸೋಂಕಿತರು ಎಲ್ಲೆಲ್ಲಿ ಓಡಾಡಿದರು ಎಂದು ಪ್ರಕಟಿಸುತ್ತಿದ್ದರು. ಹೆಸರಿಲ್ಲದಿದ್ದರೂ ಯಾರು ಅಂತ ಗುರುತು ಸಿಗುತ್ತಿತ್ತು. 2020ರ ಮೇನಲ್ಲಿ ಸಿಯೋಲ್‌ನ ಕೆಲವು ಕ್ಲಬ್‌ಗಳಲ್ಲಿ ಸೋಂಕು ಹರಡಿತು. ಅವುಗಳಲ್ಲಿ ಸಲಿಂಗಿಗಳು ಸೇರುವ ಕ್ಲಬ್‌ಗಳೂ ಇದ್ದವು. ಗುಟ್ಟು ಬಯಲಾದರೆ ಕೆಲಸ, ಮನೆ ಎರಡೂ ಹೋದಾವು ಎಂದು ಹಲವರು ಪರೀಕ್ಷೆಗೆ ಬರಲಿಲ್ಲ. ನಗರಾಡಳಿತಕ್ಕೆ ಇದು ಬೇಗ ಅರ್ಥವಾಯಿತು. ಹೆಸರು ಬೇಡ, ಫೋನ್ ನಂಬರ್ ಸಾಕು ಎಂದಿತು. ಜನ ಬಂದರು.

ಲಸಿಕೆ ಇಷ್ಟು ಬೇಗ ಬಂದರೆ ನಂಬಬಹುದಾ? ಮೊದಲು ಯಾರಿಗೆ ಕೊಡುತ್ತಾರೆ?

ಕೋವಿಡ್ ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ತಿ ಜೀನ್ ನಕ್ಷೆ, 2020ರ ಜನವರಿಯಲ್ಲಿ ಪ್ರಕಟವಾಯಿತು. ಡಿಸೆಂಬರ್ 8ರಂದು ಬ್ರಿಟನ್‌ನಲ್ಲಿ ಲಸಿಕೆ ಅಭಿಯಾನ ಶುರುವಾಯಿತು. ಈ ವೇಗಕ್ಕೆ ಹಿಂದೆ ದಶಕಗಳ ಸಂಶೋಧನೆ ಇತ್ತು. ಜೊತೆಗೆ, ಒಂದರ ನಂತರ ಒಂದು ಮಾಡುವ ಪ್ರಯೋಗದ ಹಂತಗಳನ್ನು ಒಂದರ ಜೊತೆ ಇನ್ನೊಂದನ್ನು ಸೇರಿಸಿ ನಡೆಸಿದರು. ಫಲಿತಾಂಶ ಬರುವ ಮೊದಲೇ ಉತ್ಪಾದನೆಗೆ ಸರ್ಕಾರಗಳು ಹಣ ಹಾಕಿದವು. ಸಾವಿರಾರು ಜನರ ಮೇಲೆ ನಡೆಯುವ ಸುರಕ್ಷತೆಯ ಪರೀಕ್ಷೆಯನ್ನು ಬಿಡಲಿಲ್ಲ.

ಸಾಮಾನ್ಯವಾಗಿ ಆರೋಗ್ಯ ಕಾರ್ಯಕರ್ತರು, ವೃದ್ಧರು ಮೊದಲು. ಇನ್ನೊಂದು ಜಾಣ ದಾರಿ ವರ್ತುಲ ಲಸಿಕೆ: ರೋಗಿಯ ಸುತ್ತಲಿನವರಿಗೆ, ಅವರ ಸುತ್ತಲಿನವರಿಗೆ ಮಾತ್ರ ಕೊಡುವುದು. ಸಿಡುಬು ಹೋದದ್ದು ಬಹುಮಟ್ಟಿಗೆ ಹೀಗೆ. 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಬಂದ ಕೊನೆಯ ಸಿಡುಬು ಕಂಡಿತು. 1980ರಲ್ಲಿ ಅದು ನಿರ್ಮೂಲವಾಯಿತೆಂದು ಸಾರಿದರು.

ದೇಶ ದೇಶಗಳ ನಡುವೆ ಹಂಚುವುದರಲ್ಲಿ ಮಾತ್ರ ಜಗತ್ತು ಸೋತಿತು. 2021 ಮುಗಿಯುವಾಗ ಶ್ರೀಮಂತ ದೇಶಗಳು ಮೂರನೇ ಡೋಸ್ ಕೊಡುತ್ತಿದ್ದವು. ಕಡು ಬಡ ದೇಶಗಳಲ್ಲಿ ಮೊದಲ ಡೋಸ್ ಸಿಕ್ಕಿದ್ದು ಸುಮಾರು ಹತ್ತರಲ್ಲಿ ಒಬ್ಬರಿಗೆ.

ಸಲಹೆಗಳು ಬದಲಾಗುತ್ತಲೇ ಇರುತ್ತವೆ. ಯಾವುದನ್ನು ನಂಬುವುದು?

ಹೊಸ ರೋಗದಲ್ಲಿ ತಿಳಿವಳಿಕೆ ದಿನಾ ಬೆಳೆಯುತ್ತದೆ, ಸಲಹೆಯೂ ಬದಲಾಗುತ್ತದೆ. ಆರೋಗ್ಯವಂತರಿಗೆ ಮಾಸ್ಕ್ ಬೇಡ ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಮಾತು ಬದಲಿಸಿತು. ಬದಲಿಸಿದ್ದು ತಪ್ಪಲ್ಲ. ಮೊದಲು ಅಷ್ಟು ಖಚಿತವಾಗಿ ಹೇಳಿದ್ದು ತಪ್ಪು. "ಇವತ್ತಿಗೆ ನಮಗೆ ಗೊತ್ತಿರುವುದು ಇಷ್ಟು, ನಾಳೆ ಬದಲಾಗಬಹುದು" ಎಂದು ಹೇಳುವ ಅಧಿಕಾರಿಯನ್ನು ಜನ ಜಾಸ್ತಿ ನಂಬುತ್ತಾರೆ.

ಸರ್ಕಾರ ಕೊಡುವ ಸಾವಿನ ಸಂಖ್ಯೆ ನಿಜಾನಾ?

ಅದು ಪರೀಕ್ಷೆಯಾಗಿ ದಾಖಲಾದ ಸಾವುಗಳ ಸಂಖ್ಯೆ ಅಷ್ಟೇ. ಮನೆಯಲ್ಲೇ ಸತ್ತವರು, ಪರೀಕ್ಷೆಯಾಗದವರು ಅದರಲ್ಲಿ ಇರುವುದಿಲ್ಲ. ಅದಕ್ಕೇ ತಜ್ಞರು ಹೆಚ್ಚುವರಿ ಸಾವು ಎಂಬ ಲೆಕ್ಕ ನೋಡುತ್ತಾರೆ. ಮಾಮೂಲಿ ವರ್ಷದಲ್ಲಿ ಎಷ್ಟು ಜನ ಸಾಯುತ್ತಿದ್ದರು, ಈ ವರ್ಷ ಎಷ್ಟು ಜನ ಸತ್ತರು, ಎರಡರ ನಡುವಿನ ಅಂತರ. 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಹೀಗೆ ಹೆಚ್ಚುವರಿಯಾಗಿ ಸತ್ತವರು ಸುಮಾರು 1.49 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಆ ಹೊತ್ತಿಗೆ ದೇಶಗಳು ವರದಿ ಮಾಡಿದ್ದ ಕೋವಿಡ್ ಸಾವುಗಳಿಗಿಂತ ಇದು ಹೆಚ್ಚುಕಡಿಮೆ ಮೂರು ಪಟ್ಟು. ಕೆಲವು ಸರ್ಕಾರಗಳು ಈ ಅಂದಾಜನ್ನು ಒಪ್ಪಲಿಲ್ಲ. ಭಾರತವೂ ಲೆಕ್ಕದ ವಿಧಾನಕ್ಕೆ ಆಕ್ಷೇಪ ಹೇಳಿತು. ಆದರೆ ಪ್ರತಿ ಸಾವೂ ದಾಖಲಾಗುವ ವ್ಯವಸ್ಥೆ ಇದ್ದ ಕಡೆ ಇಂಥ ಜಗಳಕ್ಕೆ ಜಾಗವೇ ಕಡಿಮೆ.

ರೋಗ ಮುಗಿಯಿತು ಅಂತ ಯಾವಾಗ ಹೇಳುತ್ತಾರೆ?

ಎಬೋಲಾಕ್ಕೆ ಸ್ಪಷ್ಟ ನಿಯಮ ಇದೆ. ಕೊನೆಯ ರೋಗಿಯ ಪರೀಕ್ಷೆ ಎರಡು ಸಲ ನೆಗೆಟಿವ್ ಬಂದ ಮೇಲೆ, ಇಲ್ಲವೇ ಕೊನೆಯ ಶವದ ಸುರಕ್ಷಿತ ಸಂಸ್ಕಾರ ಆದ ಮೇಲೆ 42 ದಿನ ಎಣಿಸುತ್ತಾರೆ. ಅಂದರೆ 21 ದಿನದ ಎರಡು ಪಟ್ಟು. ನಡುವೆ ಒಬ್ಬ ಹೊಸ ರೋಗಿ ಕಂಡರೂ ಎಣಿಕೆ ಮತ್ತೆ ಒಂದರಿಂದ ಶುರು. ಕೋವಿಡ್‌ನಂತೆ ಎಲ್ಲೆಡೆ ಹರಡಿದ ರೋಗಕ್ಕೆ ಇಂಥ ಗೆರೆ ಎಳೆಯಲು ಆಗುವುದಿಲ್ಲ. 2023ರ ಮೇ 5ರಂದು ಅದರ ತುರ್ತುಸ್ಥಿತಿ ತೆಗೆದರು, ವೈರಸ್ ಉಳಿದೇ ಇದೆ.

42 ದಿನದ ನಂತರವೂ ನಿಗಾ ನಿಲ್ಲುವುದಿಲ್ಲ. 2021ರಲ್ಲಿ ಗಿನಿಯಲ್ಲಿ ಎಬೋಲಾ ಮತ್ತೆ ಕಾಣಿಸಿಕೊಂಡಿತು. ಜೀನೋಮ್ ನೋಡಿದಾಗ ಅದು ಐದಾರು ವರ್ಷ ಹಿಂದಿನ ವೈರಸ್ಸಿಗೆ ತುಂಬಾ ಹತ್ತಿರವಾಗಿತ್ತು. ಆಗ ಬದುಕುಳಿದ ಯಾರದೋ ದೇಹದಲ್ಲಿ ಇಷ್ಟು ಕಾಲ ಅಡಗಿದ್ದಿರಬೇಕು ಎಂದು ವಿಜ್ಞಾನಿಗಳು ತೀರ್ಮಾನಿಸಿದರು. ಆ ಸುದ್ದಿ ಬಂದಾಗ ಬದುಕುಳಿದ ಸಾವಿರಾರು ಜನರನ್ನು ಮತ್ತೆ ಅನುಮಾನದಿಂದ ನೋಡುವ ಅಪಾಯ ಎದುರಾಯಿತು. ಅವರಿಗೆ ಬೇಕಾದದ್ದು ವರ್ಷಗಟ್ಟಲೆ ಸಿಗುವ ಉಚಿತ ಪರೀಕ್ಷೆ, ಔಷಧಿ, ಮತ್ತು ಪರೀಕ್ಷೆಗೆ ಹೋದದ್ದಕ್ಕೆ ನೆರೆಹೊರೆಯವರು ಮುಖ ತಿರುಗಿಸದ ಒಂದು ಊರು.